‘ಮುಚ್ಚಿಟ್ಟರು’ ಎಂದು ಬರೆದವಳು ನಾನು

ವಿಮಾನದ ಬಿಡಿಭಾಗಗಳನ್ನು ಮಾಡುವ ದೊಡ್ಡ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ ನನಗೆ ಒಂಬತ್ತು ವರ್ಷವಾಯಿತು. ಕಂಪನಿಯ ಮುಖ್ಯ ಕಚೇರಿ ಎಲ್ಲೋ ದೂರದಲ್ಲಿದೆ. ನಮ್ಮದು ಅದರದೊಂದು ಸಣ್ಣ ಘಟಕ, ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ವಿಮಾನದ ರೆಕ್ಕೆಯೊಳಗೆ ಓಡುವ ಪೈಪುಗಳನ್ನು ಹಿಡಿದು ನಿಲ್ಲಿಸುವ ಬ್ರಾಕೆಟ್ಟುಗಳನ್ನು ಅಲ್ಲಿ ಮಾಡುತ್ತಾರೆ. ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು ಚಿಕ್ಕ ಅಲ್ಯೂಮಿನಿಯಂ ತುಂಡುಗಳು.

ನನಗೆ ಯಂತ್ರ ಮುಟ್ಟಲು ಬರುವುದಿಲ್ಲ. ನನ್ನದು ಮಾತಿನ ಕೆಲಸ. ಮೇಲಿನಿಂದ ಇಂಗ್ಲಿಷಿನಲ್ಲಿ ಬರುವ ಸೂಚನೆ, ಎಚ್ಚರಿಕೆ, ತರಬೇತಿಯ ಪಾಠ ಎಲ್ಲವನ್ನೂ ಕನ್ನಡಕ್ಕೆ ತಂದು ಶಾಪಿನಲ್ಲಿ, ಎಂದರೆ ಯಂತ್ರಗಳು ನಡೆಯುವ ಕಡೆ, ಹೇಳಬೇಕು. ಶಾಪಿನವರು ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಮೇಲಕ್ಕೆ ಕಳಿಸಬೇಕು. ಮೊದಲು ಒಂದು ಐಟಿಐನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅಲ್ಲಿಂದ ಇಲ್ಲಿಗೆ ಬಂದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಹೆಮ್ಮೆ. ನಮ್ಮಮ್ಮ ಶಿವಮೊಗ್ಗದ ಗೋಪಾಳದ ನಮ್ಮ ಬೀದಿಯಲ್ಲಿ, ಮಗಳು ವಿಮಾನ ಮಾಡುತ್ತಾಳೆ ಎಂದೇ ಹೇಳಿಕೊಂಡು ಬಂದಿದ್ದಳು. ನಾನು ತಿದ್ದಲು ಹೋಗಲಿಲ್ಲ.

ಕೆಲವು ವರ್ಷಗಳ ಹಿಂದೆ ಮುಖ್ಯ ಕಚೇರಿಯಿಂದ ಒಂದು ಹೊಸ ಕಾರ್ಯಕ್ರಮ ಬಂತು. ಇಂಜಿನಿಯರುಗಳು ಮಾತ್ರವಲ್ಲ, ಪ್ರತಿಯೊಬ್ಬ ಕೆಲಸಗಾರನೂ ಹೊಸದನ್ನು ಯೋಚಿಸಬೇಕು. ತನಗೆ ತೋಚಿದ ಸಲಹೆಯನ್ನು ಶಾಪಿನಲ್ಲಿಟ್ಟ ಟ್ಯಾಬ್ಲೆಟ್ಟಿನಲ್ಲಿ ಬರೆಯಬೇಕು. ಕೆಲಸದಲ್ಲಿ ತಪ್ಪಾಗಿದ್ದರೆ ಅದನ್ನೂ ಅಲ್ಲಿಯೇ ಹೇಳಬೇಕು. ತಪ್ಪು ಹೊರಗೆ ಬರದ ಕಡೆ ಹೊಸತು ಹುಟ್ಟುವುದಿಲ್ಲ ಎನ್ನುವುದು ಅದರ ತಿರುಳು. ಆ ಮಾತು ನನಗೆ ನಿಜವಾಗಿ ಹಿಡಿಸಿತು. ಇನ್ನೊವೇಶನ್ ಎನ್ನುವುದಕ್ಕೆ ಕನ್ನಡ ಹುಡುಕುತ್ತ ಒಂದು ವಾರ ಕಳೆದೆ. ‘ನಾವೀನ್ಯ’ ಎಂದರೆ ಯಾರಿಗೂ ತಿಳಿಯಲಿಲ್ಲ. ‘ಆವಿಷ್ಕಾರ’ ಎಂದಾಗ, ಅದೆಲ್ಲ ವಿಜ್ಞಾನಿಗಳಿಗೆ ಬಿಡಿ ಮೇಡಂ ಎಂದರು. ಕೊನೆಗೆ ‘ಹೊಸ ದಾರಿ’ ಎಂದು ಇಟ್ಟೆ. ಅದರ ಕೆಳಗೆ, ‘ತಪ್ಪಾಗಿದ್ದರೆ ಹೇಳಿ. ಹೇಳಿದವರಿಗೆ ಶಿಕ್ಷೆ ಇಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ಹಾಕಿಸಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಒಂದೆರಡು ಷರತ್ತುಗಳಿದ್ದವು. ಬೇಕೆಂದೇ ಮಾಡಿದ್ದಕ್ಕೆ, ಮುಚ್ಚಿಟ್ಟಿದ್ದಕ್ಕೆ ಈ ರಿಯಾಯಿತಿ ಇಲ್ಲ ಎಂದು ಸಣ್ಣ ಅಕ್ಷರದಲ್ಲಿತ್ತು. ಗೋಡೆಯ ಮೇಲೆ ಅಷ್ಟೆಲ್ಲ ಬೇಡವೆಂದು ಬಿಟ್ಟೆ.

ಈ ಕಾರ್ಯಕ್ರಮದ ಬಗ್ಗೆ ನಾನು ಶಾಪಿನಲ್ಲಿ ಮಾಡಿದ ಪಾಠಕ್ಕೆ ಬಂದವರಲ್ಲಿ ಭದ್ರಾವತಿಯ ಜನ್ನಾಪುರದವರೊಬ್ಬರಿದ್ದರು. ವಯಸ್ಸು ಐವತ್ತೈದರ ಹತ್ತಿರ. ಶಾಪಿನಲ್ಲಿ ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಮನೆಮಾತು ತಮಿಳು, ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿ. ಇಪ್ಪತ್ತು ವರ್ಷ ಬೇರೆ ಬೇರೆ ವರ್ಕ್‌ಶಾಪುಗಳಲ್ಲಿ ಲೇತ್ ನಡೆಸಿ ಆಮೇಲೆ ನಮ್ಮಲ್ಲಿಗೆ ಬಂದಿದ್ದರು. ಕಂಪನಿಯ ಖಾಯಂ ನೌಕರರಲ್ಲ, ಕಾಂಟ್ರ್ಯಾಕ್ಟಿನವರು. ಯಂತ್ರದಿಂದ ಇಳಿದ ಬ್ರಾಕೆಟ್ಟುಗಳ ಅಂಚಿನ ಚೂಪು ತೆಗೆದು, ಒರೆಸಿ, ತಪಾಸಣೆಗೆ ಕಳಿಸುವುದು ಅವರ ಕೆಲಸ. ಅವರು ಕಳಿಸಿದ ತುಂಡು ತಪಾಸಣೆಯಲ್ಲಿ ವಾಪಸು ಬಂದದ್ದು ಕಡಿಮೆ. ಮಾತೂ ಕಡಿಮೆ. ಕಣ್ಣಿಗೆ ಕಾಣದ ಗೀರನ್ನು ಹೆಬ್ಬೆರಳ ಉಗುರು ಆಡಿಸಿ ಹಿಡಿಯುತ್ತಿದ್ದರು.

ಪಾಠ ಮುಗಿದಾಗ ಅವರು ಕೇಳಿದರು, “ಈ ಶಿಕ್ಷೆ ಇಲ್ಲ ಅನ್ನೋದು ಕಾಂಟ್ರ್ಯಾಕ್ಟ್‌ನೋರಿಗೂ ಸೇರಿ ಹೇಳಿದ್ದಾ ಮೇಡಂ?”

“ಎಲ್ಲರಿಗೂ ಅಣ್ಣ” ಎಂದೆ. ಯಾರನ್ನೂ ಕೇಳಿ ತಿಳಿದು ಹೇಳಿದ ಮಾತಲ್ಲ ಅದು. ಹಾಗಿರಬೇಕು ಎಂದು ನನಗನ್ನಿಸಿತ್ತು, ಅಷ್ಟೇ.

ಮರುದಿನ ಟೀ ಹೊತ್ತಿನಲ್ಲಿ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಒಂದು ಬ್ರಾಕೆಟ್ ಇತ್ತು. ಅದರ ಒಳಮೂಲೆಯನ್ನು ತೋರಿಸಿದರು. “ಇಲ್ಲಿ ಒಂದೊಂದ್ಸಲ ಮಿಷಿನ್ ಕಟರ್ ಗೀರು ಬೀಳುತ್ತೆ. ಕಟರ್ ಹಳೇದಾದಾಗ. ಕೂದಲೆಳೆಯಷ್ಟು ಇರುತ್ತೆ, ಅಷ್ಟೇ. ನಾನು ಎಣ್ಣೆಕಲ್ಲಲ್ಲಿ, ಆ ಸಣ್ಣ ಸಾಣೆಕಲ್ಲಲ್ಲಿ, ಎರಡು ಸಲ ಉಜ್ಜಿ ಕಾಣದ ಹಾಗೆ ಮಾಡಿ ಕಳಿಸ್ತಿದ್ದೆ. ಪೇಪರಲ್ಲಿ ಆ ಕೆಲಸ ಇಲ್ಲ. ನೀವು ನಿನ್ನೆ ಹೇಳಿದ್ಮೇಲೆ ಯೋಚ್ನೆ ಹತ್ಕೊಂಡಿದೆ.”

ವಿಮಾನದ ಕೆಲಸದಲ್ಲಿ ಇದು ಸಣ್ಣ ವಿಷಯವಲ್ಲ. ಯಾವ ತುಂಡಿಗೆ ಯಾರು, ಯಾವಾಗ, ಏನು ಮಾಡಿದರು ಎನ್ನುವುದೆಲ್ಲ ಕಾಗದದಲ್ಲಿ ಇರಬೇಕು. ಕಾಗದದಲ್ಲಿಲ್ಲದ ಕೆಲಸ ಎಷ್ಟೇ ಚೆನ್ನಾಗಿದ್ದರೂ ತಪ್ಪೇ. ನಾಳೆ ಆ ತುಂಡಿಗೆ ಏನಾದರೂ ಆದರೆ ಕಾರಣ ಹುಡುಕಲು ದಾರಿ ಇರುವುದಿಲ್ಲ. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೆ ನನಗೆ ಆ ಹೊತ್ತಿಗೆ ಆದದ್ದು ಸಂತೋಷ. ನಮ್ಮ ಘಟಕದಲ್ಲಿ ಮೊದಲ ಬಾರಿಗೆ ಒಬ್ಬರು ತಾವಾಗಿಯೇ ಬಂದು ತಪ್ಪು ಹೇಳಿಕೊಳ್ಳುತ್ತಿದ್ದಾರೆ, ಅದೂ ನನ್ನ ಪಾಠ ಕೇಳಿ.

“ಟ್ಯಾಬ್ಲೆಟ್ಟಲ್ಲಿ ಹಾಕಿ ಅಣ್ಣ. ಇದರಿಂದ ಒಳ್ಳೇದೇ ಆಗುತ್ತೆ.”

“ನಂಗೆ ಅದ್ರಲ್ಲಿ ಬರೆಯಕ್ಕೆ ಬರಲ್ಲ. ನೀವೇ ಬರ್ಕೊಡ್ತೀರಾ?”

ಬರೆದುಕೊಟ್ಟೆ. ಅವರು ಹೇಳುತ್ತಾ ಹೋದರು, ನಾನು ನೇರವಾಗಿ ಇಂಗ್ಲಿಷಿನಲ್ಲೇ ಹಾಕುತ್ತಾ ಹೋದೆ. ಕ್ಯಾಂಟೀನಿನಲ್ಲಿ ಟೀ ಮುಗಿಯುತ್ತಾ ಬಂದಿತ್ತು, ಸ್ವಲ್ಪ ಅವಸರವೂ ಇತ್ತು. ‘ಉಜ್ಜಿ ಕಾಣದ ಹಾಗೆ ಮಾಡಿದೆ’ ಎನ್ನುವ ಮಾತಿಗೆ ನಾನು ಹಾಕಿದ ಇಂಗ್ಲಿಷ್ ಪದದ ಅರ್ಥ, ‘ಮುಚ್ಚಿಟ್ಟೆ’ ಎಂದಾಗುತ್ತಿತ್ತು. ಅವರು ಹೇಳಿದ್ದು ಗೀರನ್ನು ತೆಗೆದುಹಾಕಿದೆ ಎಂದು. ನಾನು ಬರೆದದ್ದು ಗೀರನ್ನು ಬಚ್ಚಿಟ್ಟೆ ಎಂದು. ಆಗ ನನಗೆ ಅದು ಹೊಳೆಯಲೇ ಇಲ್ಲ. ಅವರಿಗೆ ಕನ್ನಡದಲ್ಲಿ ಒಮ್ಮೆ ಓದಿ ಹೇಳಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಓದಿ ಹೇಳಲಿಲ್ಲ. ಅವರು ಪರದೆಯ ಮೇಲೆ ಬೆರಳಿಟ್ಟು ಒಪ್ಪಿಗೆ ಕೊಟ್ಟರು.

ನಾಲ್ಕನೇ ದಿನ ಸಭೆ ಕರೆದರು. ನಮ್ಮ ವಿಭಾಗದ ಮುಖ್ಯಸ್ಥರು ಇದ್ದರು. ಗೋಡೆಯ ಪರದೆಯ ಮೇಲೆ ಮುಖ್ಯ ಕಚೇರಿಯ ಗುಣಮಟ್ಟದ ಅಧಿಕಾರಿಯೊಬ್ಬರು ಇದ್ದರು, ಅವರಿಗೆ ಕನ್ನಡ ಬರುವುದಿಲ್ಲ. ಅಣ್ಣನನ್ನು ಒಂದು ಕುರ್ಚಿಯಲ್ಲಿ ಕೂರಿಸಿದರು. ನಡುವೆ ಮಾತು ದಾಟಿಸಲು ನಾನು. ಅಧಿಕಾರಿ ಮೊದಲು ನನ್ನನ್ನು ಹೊಗಳಿದರು. ಶಾಪಿನಿಂದ ಇಷ್ಟು ಸ್ಪಷ್ಟವಾದ ವರದಿ ಬರುವುದು ಅಪರೂಪ ಎಂದರು. ಆಮೇಲೆ ಅಣ್ಣನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

“ಯಾಕೆ ಮುಚ್ಚಿಟ್ರಿ ಅಂತ ಕೇಳ್ತಿದ್ದಾರೆ.”

ಅಣ್ಣ ನನ್ನ ಮುಖ ನೋಡಿದರು. “ಮುಚ್ಚಿಡೋದಾ? ನಾನೆಲ್ಲಿ ಮುಚ್ಚಿಟ್ಟೆ ಮೇಡಂ? ಉಜ್ಜಿ ತೆಗ್ದೆ ಅಂತಲ್ವಾ ನಿಮ್ಮತ್ರ ಹೇಳಿದ್ದು?”

ಅಲ್ಲಿ ನನಗೆ ಗೊತ್ತಾಯಿತು. ವರದಿಯ ಆ ಸಾಲು ಪರದೆಯ ಒಂದು ಬದಿಯಲ್ಲಿ ಕಾಣುತ್ತಿತ್ತು. ನಾನು ಆಗ ಹೇಳಬೇಕಾಗಿದ್ದದ್ದು ಒಂದೇ ವಾಕ್ಯ: ಆ ಪದ ಅವರದಲ್ಲ, ನನ್ನದು, ನಾನು ತಪ್ಪಾಗಿ ತಿರುಗಿಸಿದೆ. ಒಂದು ನಿಮಿಷದ ಹಿಂದೆ ಅದೇ ವರದಿಗೆ ಹೊಗಳಿಸಿಕೊಂಡಿದ್ದೆ. ಅವರಿಗೆ ಆ ಉದ್ದೇಶ ಇರಲಿಲ್ಲವಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸಿಕ್ಕಿಬಿದ್ದ ಯಾರೇ ಆದರೂ ಹೇಳುವ ಮಾತಿನ ಹಾಗೆಯೇ ಅದು ಕೇಳಿಸಿತು. ಅಧಿಕಾರಿ ತಲೆಯಾಡಿಸಿ ಏನೋ ಬರೆದುಕೊಂಡರು.

ಅಣ್ಣನಿಗೆ ಇಂಗ್ಲಿಷ್ ಮಾತಾಡಲು ಬರುವುದಿಲ್ಲ, ಆದರೆ ಏನೂ ತಿಳಿಯುವುದಿಲ್ಲ ಎಂದೂ ಅಲ್ಲ. ತಾವು ಹೇಳಿದ್ದಕ್ಕಿಂತ ನಾನು ಹೇಳಿದ್ದು ಬಹಳ ಚಿಕ್ಕದಾಯಿತು ಎನ್ನುವುದು ಅವರಿಗೆ ಗೊತ್ತಾಗಿರಬೇಕು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸಭೆ ಮುಗಿಯುವವರೆಗೂ ಕೂತಿದ್ದರು.

ಮುಂದಿನ ಶನಿವಾರ ಕಾಂಟ್ರ್ಯಾಕ್ಟರ್ ಕಡೆಯವರು ಅವರಿಗೆ ಫೋನ್ ಮಾಡಿ, ಸೋಮವಾರದಿಂದ ಬರುವುದು ಬೇಡ ಎಂದರು. ಸೋಮವಾರ ಗೇಟಿನಲ್ಲಿ ಅವರ ಪಾಸ್ ನಿಂತಿತು. ನಾನು ಮುಖ್ಯಸ್ಥರ ಕೋಣೆಗೆ ಹೋಗಿ, ಶಿಕ್ಷೆ ಇಲ್ಲ ಎಂದು ನಾವೇ ಹೇಳಿದ್ದಲ್ಲವೇ ಎಂದು ಕೇಳಿದೆ. ಅವರು ಒಳ್ಳೆಯವರೇ. ನಿಧಾನವಾಗಿ ವಿವರಿಸಿದರು.

“ತಪ್ಪು ಮಾಡಿದ್ದಕ್ಕಲ್ಲಮ್ಮ, ಮುಚ್ಚಿಟ್ಟಿದ್ದಕ್ಕೆ. ಅದಕ್ಕೆ ರಿಯಾಯಿತಿ ಇಲ್ಲ, ನಿಂಗೇ ಗೊತ್ತಲ್ಲ. ಅವರದ್ದೇ ಹೇಳಿಕೇಲಿ ಹಾಗಿದೆ. ನಾನು ಏನು ಮಾಡ್ಲಿ?”

ಆಗಲೂ ಹೇಳಬಹುದಿತ್ತು. ಬಾಗಿಲು ಹಾಕಿತ್ತು, ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಸರಿ ಸರ್ ಎಂದು ಹೊರಗೆ ಬಂದೆ.

ಮರುದಿನ ಬೆಳಿಗ್ಗೆ ಗೋಪಾಳದಲ್ಲಿ ಕಂಪನಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ದಿನಾ ಸ್ಕೂಟರಿನಲ್ಲಿ ಸ್ಟಾಪಿಗೆ ಬಿಟ್ಟು ಹೋಗುತ್ತಿದ್ದರು. ಸ್ಕೂಟರ್ ಆಫ್ ಮಾಡಿ ಪೂರ್ತಿ ಕೇಳಿದರು.

“ಈಗ ಹೇಳಿದ್ರೆ ಏನಾಗುತ್ತೆ?” ಎಂದರು.

“ಗೊತ್ತಿಲ್ಲ. ವರದಿ ತಿದ್ದಬೇಕಾಗುತ್ತೆ. ಅಷ್ಟು ಜನರ ಮುಂದೆ ಯಾಕೆ ಸುಮ್ನಿದ್ದೆ ಅಂತ ಕೇಳ್ತಾರೆ.”

“ಸುಮ್ನಿರು ಮಾರಾಯ್ತಿ. ಪದ ಬೇರೆ ಇದ್ರೂ ಕಳಿಸೋರು ಕಳಿಸೇ ಕಳಿಸ್ತಿದ್ರು. ಇದರಲ್ಲಿ ನಿನ್ನ ಕೆಲಸಕ್ಕೂ ಕುತ್ತು ತಂದ್ಕೋಬೇಡ.”

ಅವರು ನನ್ನ ಮೇಲಿನ ಅಕ್ಕರೆಯಿಂದ ಹೇಳಿದ್ದು. ಅವರ ಮೇಲೆ ತಪ್ಪು ಹೊರಿಸಲಾರೆ. ನನಗೆ ಬೇಕಾಗಿದ್ದ ಮಾತನ್ನೇ ಅವರು ಹೇಳಿದರು, ನಾನು ಅದನ್ನು ಹಿಡಿದುಕೊಂಡು ಬಸ್ಸು ಹತ್ತಿದೆ. ಪದ ಬೇರೆಯಾಗಿದ್ದರೆ ಅಣ್ಣನ ಕೆಲಸ ಉಳಿಯುತ್ತಿತ್ತೇ ಎನ್ನುವುದು ಇವತ್ತಿಗೂ ನನಗೆ ಗೊತ್ತಿಲ್ಲ. ಉಳಿಯದೆಯೂ ಇರಬಹುದು. ಆದರೆ ಏನೋ ಕದ್ದವರ ಹಾಗೆ ಅವರು ಹೋಗಬೇಕಾಗುತ್ತಿರಲಿಲ್ಲ.

ಆಮೇಲೆ ಶಾಪಿನಲ್ಲಿ ನಡೆದದ್ದೆಲ್ಲ ಬಹಳ ಚುರುಕಾಗಿ ನಡೆಯಿತು. ಅಣ್ಣ ಹೇಳಿದ ಗೀರು ಯಾಕೆ ಬೀಳುತ್ತದೆ ಎಂದು ಇಂಜಿನಿಯರುಗಳು ಕೂತು ಹುಡುಕಿದರು. ಅವರು ಹೇಳಿದಂತೆ ಹಳೆಯ ಕಟರಿನಿಂದಲೇ. ಕಟರನ್ನು ಮೊದಲಿಗಿಂತ ಬೇಗ ಬದಲಿಸುವಂತೆ ಮಾಡಿದರು. ಆದರೂ ಒಮ್ಮೊಮ್ಮೆ ಬೀಳುವ ಗೀರಿಗೆ ಎಣ್ಣೆಕಲ್ಲಿನಲ್ಲಿ ಹೇಗೆ ಉಜ್ಜಬೇಕು, ಎಷ್ಟು ಉಜ್ಜಬೇಕು, ಆಮೇಲೆ ಹೇಗೆ ಅಳೆಯಬೇಕು, ಎಲ್ಲಿ ಬರೆದಿಡಬೇಕು ಎಂದು ಒಂದು ವಿಧಾನ ಮಾಡಿ ಒಪ್ಪಿಗೆ ಪಡೆದರು. ಆ ವಿಧಾನದ ಹಾಳೆ ಕನ್ನಡಕ್ಕೆ ತರಲು ನನ್ನ ಮೇಜಿಗೆ ಬಂತು. ಪ್ರತಿ ಪದವನ್ನೂ ನಾಲ್ಕು ಸಲ ನೋಡಿ ಬರೆದೆ. ಆ ವರ್ಷ ‘ಹೊಸ ದಾರಿ’ಯ ಬಹುಮಾನ ಆ ಇಂಜಿನಿಯರುಗಳ ತಂಡಕ್ಕೆ ಹೋಯಿತು. ಅವರ ಶ್ರಮವೂ ಸುಳ್ಳಲ್ಲ. ಸಮಾರಂಭದ ನಿರೂಪಣೆ ನನ್ನದೇ ಇತ್ತು. ಈ ಗೀರನ್ನು ಮೊದಲು ಬಂದು ತೋರಿಸಿದವರು ಯಾರು ಎಂದು ನಾನು ಮೈಕಿನಲ್ಲಿ ಹೇಳಲಿಲ್ಲ. ನನ್ನ ಕೈಲಿದ್ದ ಹಾಳೆಯಲ್ಲಿ ಅದು ಇರಲಿಲ್ಲ.

ಟ್ಯಾಬ್ಲೆಟ್ ಮಾತ್ರ ಖಾಲಿಯಾಯಿತು. ಅಣ್ಣ ಹೋದಮೇಲೆ ಅದರಲ್ಲಿ ಒಬ್ಬರೂ ತಪ್ಪು ಬರೆಯಲಿಲ್ಲ. ಕ್ಯಾಂಟೀನಿನಲ್ಲಿ ಎಣ್ಣೆ ಜಾಸ್ತಿ, ಪಾರ್ಕಿಂಗಿನಲ್ಲಿ ನೆರಳು ಬೇಕು ಎಂಬ ಸಲಹೆಗಳು ಬರುತ್ತಿದ್ದವು. ಪಾಠಕ್ಕೆ ಬಂದವರು ಕೈ ಕಟ್ಟಿಕೊಂಡು ಕೂತು, ಮುಗಿದ ಕೂಡಲೇ ಎದ್ದು ಹೋಗುತ್ತಿದ್ದರು. ಮುಖ್ಯಸ್ಥರು ಒಂದು ದಿನ ನನ್ನನ್ನು ಕರೆದು, ಜನ ಯಾಕೆ ಬಾಯಿ ಬಿಡುತ್ತಿಲ್ಲ, ಪಾಠದಲ್ಲಿ ಏನಾದರೂ ಬದಲಾಯಿಸಬೇಕೇ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿ ನಾನು ನಡೆದದ್ದನ್ನು ಹೇಳಿಬಿಟ್ಟೆ. ಸಭೆಯಾಗಿ ಮೂರು ತಿಂಗಳಾಗಿತ್ತು.

ಅವರು ಬೈಯಲಿಲ್ಲ. “ಹೇಳಿದ್ದು ಒಳ್ಳೇದಾಯ್ತು” ಎಂದರು. ವರದಿಯನ್ನು ತಿದ್ದಿಸಿದರು. ಇನ್ನು ಮುಂದೆ ಯಾರ ಹೇಳಿಕೆಯನ್ನೇ ಆಗಲಿ ಮೊದಲು ಕನ್ನಡದಲ್ಲಿ ಬರೆದು, ಅವರಿಗೆ ಓದಿ ಹೇಳಿದ ಮೇಲೆಯೇ ಇಂಗ್ಲಿಷಿಗೆ ತರಬೇಕು ಎಂಬ ನಿಯಮ ಬಂತು. ಮುಖ್ಯ ಕಚೇರಿಯ ಆ ಅಧಿಕಾರಿ, ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿ ನಾಲ್ಕು ಸಾಲಿನ ಪತ್ರ ಬರೆದರು. ಕಂಪನಿಯ ತಿಂಗಳ ಪತ್ರಿಕೆಯಲ್ಲಿ, ತನ್ನ ತಪ್ಪನ್ನು ತಾನೇ ಹೇಳಿಕೊಂಡ ಉದ್ಯೋಗಿ ಎಂದು ನನ್ನ ಬಗ್ಗೆ ಒಂದು ಟಿಪ್ಪಣಿ ಬಂತು. ನನಗೆ ಯಾವ ಶಿಕ್ಷೆಯೂ ಆಗಲಿಲ್ಲ. ಮೂರು ತಿಂಗಳು ಮುಚ್ಚಿಟ್ಟಿದ್ದು ನಾನು. ಅದಕ್ಕೆ ಆ ಪದವನ್ನು ಯಾರೂ ಬಳಸಲಿಲ್ಲ.

ಅಣ್ಣನನ್ನು ವಾಪಸು ಕರೆಯಿರಿ ಎಂದು ಕೇಳಿದೆ. ಕಾಂಟ್ರ್ಯಾಕ್ಟರ್ ಬದಲಾಗಿದ್ದರು. ಅಣ್ಣನೇ ಒಂದು ಅರ್ಜಿ ಕೊಟ್ಟರೆ ನೋಡೋಣ ಎಂದರು ಮುಖ್ಯಸ್ಥರು. ಅರ್ಜಿಯನ್ನು ನಾನೇ ಟೈಪ್ ಮಾಡಿ, ಕನ್ನಡದಲ್ಲಿ, ಒಂದು ಭಾನುವಾರ ಬಸ್ಸಿನಲ್ಲಿ ಭದ್ರಾವತಿಗೆ ಹೋದೆ. ಜನ್ನಾಪುರದಲ್ಲಿ ಒಂದಿಬ್ಬರನ್ನು ಕೇಳಿದಾಗ ಮನೆ ಸಿಕ್ಕಿತು. ಅವರ ಹೆಂಡತಿ ಬಾಗಿಲು ತೆಗೆದರು. ನಾನು ಯಾರೆಂದು ಹೇಳಿದಾಗ ಅವರ ಮುಖ ಬದಲಾಯಿತು. ಆದರೂ ಒಳಗೆ ಕರೆದು, ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಕೂರಿಸಿದರು.

“ಸ್ನಾನ ಮಾಡ್ತಿದ್ದಾರೆ, ಬರ್ತಾರೆ” ಎಂದರು. ತೆಗೆದ ಬಟ್ಟೆಯನ್ನು ಮಡಚುತ್ತಾ, “ಹಳೇ ವರ್ಕ್‌ಶಾಪ್‌ನೋರೆಲ್ಲ ಕೇಳಿದ್ರು, ಏನು ಮುಚ್ಚಿಟ್ಟೆ ಅಂತ. ಇಷ್ಟು ವರ್ಷದಲ್ಲಿ ಇವರನ್ನ ಯಾರೂ ಹಾಗೆ ಕೇಳಿರ್ಲಿಲ್ಲ” ಎಂದರು. ಅವರು ಕಾಫಿ ತರಲು ಒಳಗೆ ಹೋದರು.

ಅಣ್ಣ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಬಂದರು. ಮೊದಲಿಗಿಂತ ಸ್ವಲ್ಪ ಸೊರಗಿದ್ದರು. ನಾನು ಎಲ್ಲವನ್ನೂ ಹೇಳಿದೆ, ಆ ಪದ ಹೇಗೆ ಬಂತು, ಸಭೆಯಲ್ಲಿ ನನಗೆ ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೂ ಯಾಕೆ ಸುಮ್ಮನಿದ್ದೆ. ಹೇಳುವಾಗ ಅಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅಳಲಿಲ್ಲ.

“ಆವತ್ತೇ ಗೊತ್ತಾಯ್ತು ನಂಗೆ” ಎಂದರು ಅವರು. “ನಿಮ್ಮ ಮುಖ ನೋಡಿದ್ನಲ್ಲ. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಕಾಯ್ತಾ ಕೂತಿದ್ದೆ.”

“ತಪ್ಪಾಯ್ತು ಅಣ್ಣ.”

ಪರವಾಗಿಲ್ಲ ಎನ್ನಲಿಲ್ಲ. “ಆ ಪೀಸ್‌ಗಳು ಏನಾದ್ವು?” ಎಂದು ಕೇಳಿದರು.

ಅಣ್ಣ ಉಜ್ಜಿದ ಕಾಲದ ಬ್ರಾಕೆಟ್ಟುಗಳನ್ನೆಲ್ಲ ಕಂಪನಿಯವರು ವಾಪಸು ತರಿಸಿ ಅಳೆದಿದ್ದರು. ಅಳತೆ ಸರಿಯಾಗಿಯೇ ಇತ್ತು. ಆದರೂ ಕಾಗದವಿಲ್ಲದ್ದರಿಂದ ಬಳಸುವಂತಿರಲಿಲ್ಲ. ಎಲ್ಲವನ್ನೂ ಕತ್ತರಿಸಿ ಗುಜರಿಗೆ ಹಾಕಿದರು ಎಂದು ಹೇಳಿದೆ.

“ಎಲ್ಲಾನೂ?”

“ಎಲ್ಲಾನೂ.”

ಅವರು ಕಾಫಿ ಲೋಟವನ್ನು ಕೆಳಗಿಟ್ಟರು. ಕೆಲಸ ಹೋದ ಮಾತಿಗೆ ಬದಲಾಗದ ಮುಖ ಆಗ ಬದಲಾಯಿತು. “ಅಳತೆ ಸರಿ ಇತ್ತಲ್ವಾ?” ಎಂದು ಮತ್ತೊಮ್ಮೆ ಕೇಳಿದರು. ಸರಿ ಇತ್ತು ಅಣ್ಣ ಎಂದೆ. “ಅದೊಂದು ಮಾತು ಅವತ್ತೇ ಯಾರಾದ್ರೂ ಫೋನ್ ಮಾಡಿ ಹೇಳಬಹುದಿತ್ತು” ಎಂದರು.

ಅರ್ಜಿಯನ್ನು ಓದಿದರು. ನಿಧಾನವಾಗಿ, ಎರಡು ಸಲ. ಮಡಚಿ ನನಗೆ ವಾಪಸು ಕೊಟ್ಟರು.

“ಚೆನ್ನಾಗಿ ಬರ್ದಿದೀರಿ. ಆದ್ರೆ ಬೇಡ ಮೇಡಂ. ಆಯನೂರಲ್ಲಿ ಒಬ್ರು ಅಡಿಕೆ ಸುಲಿಯೋ ಮಿಷಿನ್ ಮಾಡ್ತಾರೆ, ಅಲ್ಲಿ ಹೋಗ್ತಿದೀನಿ. ದೂರ ಆಗುತ್ತೆ, ಎರಡು ಬಸ್ ಹಿಡೀಬೇಕು. ಆದ್ರೂ ಪರವಾಗಿಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮಾಲೀಕರತ್ರ ಬಾಯಲ್ಲೇ ಹೇಳ್ತೀನಿ, ಅವರೂ ಬಾಯಲ್ಲೇ ಬೈತಾರೆ.”

ಹೊರಡುವಾಗ ಅವರ ಹೆಂಡತಿ ಕುಂಕುಮ ಕೊಟ್ಟರು. ಅಣ್ಣ ರಸ್ತೆಯವರೆಗೆ ಬಂದು ಶಿವಮೊಗ್ಗದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿದರು. ನನಗೆ ಗೊತ್ತಿತ್ತು, ಆದರೂ ತೋರಿಸಲಿ ಎಂದು ಸುಮ್ಮನಿದ್ದೆ.

ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ. ಬಿಡಬೇಕು ಎಂದು ಕೆಲವು ದಿನ ಅನ್ನಿಸಿತ್ತು, ಬಿಡಲಿಲ್ಲ. ಕಂಪನಿ ಕೆಟ್ಟದ್ದು ಎಂದು ಹೇಳಿಬಿಟ್ಟರೆ ನನಗೆ ಹಗುರಾಗುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ಅಲ್ಲಿಯ ನಿಯಮಗಳಿಗೆ ಕಾರಣವಿದೆ. ಆ ನಿಯಮಗಳನ್ನು ನಂಬಿ ಒಬ್ಬರು ಬಾಯಿಬಿಟ್ಟಾಗ ಅವರ ಪಕ್ಕದಲ್ಲಿ ಕೂತಿದ್ದವಳು ನಾನು. ಅವರ ಮಾತನ್ನು ಸರಿಯಾಗಿ ದಾಟಿಸುವುದೊಂದೇ ನನಗಿದ್ದ ಕೆಲಸ.

ಈ ಸಲ ಆಯುಧ ಪೂಜೆಗೆ ಅಣ್ಣ ಫೋನ್ ಮಾಡಿದ್ದರು. ಆಯನೂರಿನ ವರ್ಕ್‌ಶಾಪಿನಲ್ಲಿ ಪೂಜೆ ಇಟ್ಟುಕೊಂಡಿದ್ದೇವೆ, ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದರು. ದನಿಯಲ್ಲಿ ಸಲಿಗೆ ಇತ್ತು. ಬರ್ತೀನಿ ಅಣ್ಣ ಎಂದೆ. ಆ ದಿನ ಬೆಳಿಗ್ಗೆ ಸೀರೆಯನ್ನೂ ಉಟ್ಟುಕೊಂಡೆ. ಅಲ್ಲಿರುವವರಿಗೆ ಅವರು ನನ್ನನ್ನು ಯಾರೆಂದು ಹೇಳಿ ಪರಿಚಯಿಸುತ್ತಾರೆ ಎಂಬ ಯೋಚನೆ ಬಂತು. ಉಟ್ಟ ಸೀರೆಯನ್ನು ಬಿಚ್ಚಿ ಮಡಚಿಟ್ಟೆ. ಕಂಪನಿಯಲ್ಲಿ ತುರ್ತು ಕೆಲಸ ಬಂತು, ಬರಲಾಗುವುದಿಲ್ಲ ಎಂದು ಮೆಸೇಜ್ ಹಾಕಿದೆ. ಅವತ್ತು ನಮಗೆ ರಜೆ ಎನ್ನುವುದು ಅವರಿಗೆ ಗೊತ್ತೇ ಇದೆ. ಮಧ್ಯಾಹ್ನ ಅವರಿಂದ ಒಂದು ಫೋಟೋ ಬಂತು. ಚೆಂಡುಹೂವಿನ ಹಾರ ಹಾಕಿದ ಲೇತ್, ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟ ಅಣ್ಣ. ಕೆಳಗೆ ಏನೂ ಬರೆದಿರಲಿಲ್ಲ.